ಅವರಿಗೆ ಹಾಗೆ ಕಂಡಿತು

ನಿಮ್ಮ ಮನೆಯಲ್ಲಿ ಒಂದು ತೀರ್ಮಾನ ನಿಮ್ಮ ಪರವಾಗಿ ಆದ ದಿನ, ಅದಕ್ಕೆ ಕಾರಣವೇನೆಂದು ನೀವು ಕೇಳಿದ್ದೀರಾ? ನಮ್ಮ ವಿರುದ್ಧವಾಗಿ ಆದಾಗ ನಾವೆಲ್ಲರೂ ಕೇಳುತ್ತೇವೆ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದವರು ಹೊದಿಕೆಯೊಳಗೆ ಮುಖವಿಟ್ಟು ಕೇಳುತ್ತೇವೆ. ಪರವಾಗಿ ಆದಾಗ ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಹಲವು ವರ್ಷಗಳಿಂದ ನನ್ನ ಕೆಲಸವೆಂದರೆ ವಿಲ್ಲೇಜ್ ಆಫೀಸು, ಪಂಚಾಯತು ಆಫೀಸುಗಳ ಮೆಟ್ಟಿಲು ಹತ್ತಿ, ಅಪೇಕ್ಷೆ, ಎಂದರೆ ಅರ್ಜಿ, ತಿರಸ್ಕೃತವಾದವರ ಪಕ್ಕದಲ್ಲಿ ನಿಂತು, ಕಾರಣವನ್ನು ಬರೆದು ಕೊಡಿ, ಅವರು ಓದಬಲ್ಲ ಭಾಷೆಯಲ್ಲಿ ಬರೆದು ಕೊಡಿ ಎಂದು ಕೇಳುವುದು. ಸಭೆಗಳಲ್ಲಿ ನಾನು ಒಂದು ಇಂಗ್ಲಿಷ್ ಪದವನ್ನು ವಿವರಿಸುವುದುಂಟು: ಆರ್ಬಿಟ್ರರಿ. ಮನಸೋ ಇಚ್ಛೆಯ, ಸ್ವೇಚ್ಛೆಯ, ನಿರಂಕುಶವಾದ ಎಂದು ನಿಘಂಟುಗಳು ಅದಕ್ಕೆ ಅರ್ಥ ಕೊಡುತ್ತವೆ. ಎಲ್ಲವೂ ಸರಿ, ಯಾವುದೂ ಸಾಲದು. ಆ ಪದದ ಅರ್ಥವನ್ನು ನಾನು ಕಲಿತದ್ದು ಕಾಸರಗೋಡಿನ ಕಡೆಯ ನೆಕ್ರಾಜೆಯ ನಮ್ಮ ಮನೆಯಲ್ಲಿ, ಪದವನ್ನು ಕೇಳುವುದಕ್ಕೆ ಬಹಳ ಮೊದಲು. ಅದರ ಪ್ರಯೋಗವನ್ನು ಕಲಿತದ್ದು ನನ್ನ ಅಕ್ಕನ ಮೇಲೆ.

ನಮ್ಮದು ಮುರಕಲ್ಲಿನ ಮನೆ. ಮುಂದೆ ಉದ್ದನೆಯ ಜಗಲಿ, ಜಗಲಿಯಿಂದ ಒಳಗೆ ಬಂದರೆ ಹಗಲಿನಲ್ಲೂ ಕತ್ತಲಿರುವ ನಡುಕೋಣೆ, ಅದರಾಚೆ ಅಡಿಗೆಮನೆ. ಆ ಮನೆಗೆ ಎರಡು ಕಾಯಿದೆಗಳಿದ್ದವು. ನಡುವೆ ಒಂದು ಹೊಸ್ತಿಲು. ಅಪ್ಪ ಪೇಟೆಯಲ್ಲಿ ದಸ್ತಾವೇಜು ಬರೆಯುವ ಕೆಲಸ ಮಾಡುತ್ತಿದ್ದರು. ಯಾರ ಜಾಗದ ಮೂಡು ಗಡಿ ಎಲ್ಲಿ, ಪಡು ಗಡಿ ಎಲ್ಲಿ ಎಂಬುದು ಅವರಿಗೆ ಬಾಯಿಪಾಠವಾಗಿದ್ದರಿಂದ ಊರಿನ ತಕರಾರುಗಳು ಭಾನುವಾರ ನಮ್ಮ ಜಗಲಿಗೆ ಬರುತ್ತಿದ್ದವು. ಅಪ್ಪ ಬಿಳಿ ಪಂಚೆ ಉಟ್ಟು ಕೈಕುರ್ಚಿಯಲ್ಲಿ ಕೂತು ಎರಡೂ ಕಡೆಯವರ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದರು. ಯಾರನ್ನೂ ನಡುವೆ ತಡೆಯುತ್ತಿರಲಿಲ್ಲ. ಅನಂತರ ಮೂರು ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಮೂರು ಕಾರಣಗಳನ್ನು ಹೇಳಿ ತೀರ್ಪು ಕೊಡುತ್ತಿದ್ದರು. ಎರಡಲ್ಲ, ನಾಲ್ಕಲ್ಲ, ಮೂರು. ನೆರೆಯ ಅಬ್ದುಲ್ಲಾಕನ ಹಲಸಿನ ಮರದ ಒಂದು ಕೊಂಬೆ ಐತಪ್ಪಣ್ಣನ ಮನೆಯ ಹಂಚಿನ ಮೇಲೆ ಬಾಗಿದ್ದಕ್ಕೆ ಇಬ್ಬರೂ ಬಂದಿದ್ದ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಕೊಂಬೆಯನ್ನು ಕಡಿಯಬೇಕು, ಆದರೆ ಅದರಲ್ಲಿರುವ ಕಾಯಿ ಬಲಿತ ಮೇಲೆ ಕಡಿಯಬೇಕು, ಕಾಯಿಯನ್ನು ಇಬ್ಬರೂ ಹಂಚಿಕೊಳ್ಳಬೇಕು ಎಂದು ಅಪ್ಪ ಮೂರು ಕಾರಣಗಳೊಂದಿಗೆ ಹೇಳಿದಾಗ ಅಬ್ದುಲ್ಲಾಕ ನಕ್ಕುಬಿಟ್ಟರು.

"ಶಂಕರಣ್ಣ, ನಿಮ್ಮ ಜಗಲಿಯಲ್ಲಿ ಸೋತರೂ ಗೆದ್ದ ಹಾಗೆ ಆಗ್ತದೆ ಮಾರಾಯ್ರೆ. ಕೋರ್ಟಿಗೆ ಹೋದ್ರೆ ಗೆದ್ದರೂ ಸೋತ ಹಾಗೆ."

"ಕಾರಣ ಹೇಳದೆ ತೀರ್ಪು ಕೊಡುವವನಿಗೂ ಕಳ್ಳನಿಗೂ ಎಂತ ವ್ಯತ್ಯಾಸ ಉಂಟು ಅಬ್ದುಲ್ಲ?" ಎಂದರು ಅಪ್ಪ.

ಬಾಗಿಲ ಹಿಂದೆ ಚಾದ ಲೋಟಗಳನ್ನು ಹಿಡಿದು ನಿಂತಿದ್ದ ಅಮ್ಮ ಅಕ್ಕನಿಗೂ ನನಗೂ ಮಾತ್ರ ಕೇಳುವಂತೆ ಹೇಳಿದರು:

"ಹಲಸಿನ ಮರಕ್ಕಾದರೂ ಕಾರಣ ಸಿಕ್ಕಿತಲ್ಲ."

ಅಮ್ಮನ ಕುಟುಕಿನ ಹಿಂದೆ ಇದ್ದದ್ದು ನಮ್ಮ ಬೆಳಗಿನ ಗಂಜಿಯ ಹೊತ್ತು. ಪ್ರತಿ ದಿನ ಬೆಳಿಗ್ಗೆ ನಡುಕೋಣೆಯಲ್ಲಿ ಕುಚ್ಚಲಕ್ಕಿ ಗಂಜಿ ಬಡಿಸಿ ಆದ ಮೇಲೆ, ಯಾರೂ ಬಟ್ಟಲಿಗೆ ಕೈಹಾಕುವ ಮೊದಲು, ಅಪ್ಪ ನಮ್ಮ ಮೂವರ ಮುಖಗಳನ್ನೂ ಒಮ್ಮೆ ನೋಡಿ ಒಬ್ಬರಿಗೆ ಒಂದು 'ಬೇಡ'ವನ್ನು ಹೇಳುತ್ತಿದ್ದರು. ಇವತ್ತು ದೊಡ್ಡವಳು ಉಪ್ಪು ಹಾಕಿಕೊಳ್ಳುವುದು ಬೇಡ. ಇವತ್ತು ಸಣ್ಣವಳು ಕೂತು ಉಣ್ಣುವುದು ಬೇಡ. ಇವತ್ತು ಇವಳು ಹಿತ್ತಿಲಿಗೆ ಇಳಿಯುವುದು ಬೇಡ. 'ಇವಳು' ಎಂದರೆ ಅಮ್ಮ. ಮಾರನೆಯ ಬೆಳಿಗ್ಗೆಯವರೆಗೆ ಆ ಬೇಡ ಊರ್ಜಿತದಲ್ಲಿರುತ್ತಿತ್ತು. ಅಪ್ಪ ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಧ್ವನಿಯನ್ನೂ ಏರಿಸುತ್ತಿರಲಿಲ್ಲ; ಈ ಮಾತನ್ನು ಅವರ ಪರವಾಗಿ ಹೇಳುತ್ತಿಲ್ಲ, ಸಿಟ್ಟಿದ್ದಿದ್ದರೆ ಇಳಿಯುವ ಹೊತ್ತನ್ನು ನಾವು ಕಾಯಬಹುದಿತ್ತು ಎಂಬುದಕ್ಕಾಗಿ ಹೇಳುತ್ತಿದ್ದೇನೆ. ನಾವು ತಪ್ಪು ಮಾಡಿದ ದಿನ ನಮಗೆ ಬೇಡ ಬೀಳುತ್ತಿರಲಿಲ್ಲ. ನಾನು ಲೋಟ ಒಡೆದ ದಿನ ನನ್ನನ್ನು ಬಿಟ್ಟು ಅಕ್ಕನಿಗೆ ಮಾತು ಬೇಡವಾಯಿತು. ಅಂದು ಸಂಜೆ ಹಾವೊಂದು ಬಚ್ಚಲಿಗೆ ಬಂದಾಗ ಅಕ್ಕ ಬಾಯಿಗೆ ಬಟ್ಟೆ ತುರುಕಿಕೊಂಡು, ನೆಲಕ್ಕೆ ಕಾಲು ಬಡಿದು ನಮ್ಮನ್ನು ಕರೆದಳು. ಅಪ್ಪ ಹಾವನ್ನು ಕೋಲಿನಿಂದ ಓಡಿಸಿ, ಅವಳ ಬಾಯಲ್ಲಿದ್ದ ಬಟ್ಟೆಯನ್ನು ನೋಡಿ, ತಲೆದೂಗಿ ಹೊರಟುಹೋದರು.

ಅಕ್ಕನ ಹೆಸರು ಸುಮತಿ. ನನಗಿಂತ ಒಂದೂವರೆ ವರ್ಷ ದೊಡ್ಡವಳು. ಕಾಮಾಲೆಯಾಗಿ ಒಂದು ವರ್ಷ ಶಾಲೆ ತಪ್ಪಿದ್ದರಿಂದ ನಾವಿಬ್ಬರೂ ಒಂದೇ ತರಗತಿಯಲ್ಲಿದ್ದೆವು. ನನ್ನ ಬುದ್ಧಿ ಮಾತಿನದು, ಅವಳದು ಲೆಕ್ಕದ್ದು. ಅಪ್ಪನ ಬೇಡಗಳಿಗೆ ಒಂದು ನಿಯಮ ಇದ್ದೇ ಇರಬೇಕೆಂದು ಅವಳು ನಂಬಿದ್ದಳು. ನಿಯಮ ತಿಳಿದರೆ ತಪ್ಪಿಸಿಕೊಳ್ಳಬಹುದೆಂದು ನಾನು ನಂಬಿದ್ದೆ. ಹಳೆಯ ಕಾಪಿ ಪುಸ್ತಕವೊಂದರಲ್ಲಿ ಅವಳು ದಿನ, ತಿಥಿ, ಯಾರಿಗೆ ಯಾವ ಬೇಡ, ಹಿಂದಿನ ದಿನದ ಅಡಿಗೆ ಏನು, ಅಪ್ಪ ಬಂದ ಬಸ್ಸು ತಡವಾಗಿತ್ತೇ, ಜಗಲಿಗೆ ಯಾರು ಬಂದಿದ್ದರು, ಎಲ್ಲವನ್ನೂ ಗೆರೆ ಹಾಕಿ ಬರೆದಳು. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಬರೆದಳು. ಗುಡ್ಡೆಯ ಗೇರುಮರದ ಕೆಳಗೆ ಕೂತು ಒಮ್ಮೆ ನಾನು ಕೇಳಿದೆ:

"ಸಿಕ್ಕಿತಾ ಅಕ್ಕ?"

"ಸಿಕ್ಕಿತು. ಎಂತದೂ ಇಲ್ಲ ಮಾರಾಯ್ತಿ."

"ಎಂತದೂ ಇಲ್ಲ ಅಂದ್ರೆ?"

"ನಿಯಮ ಇದ್ದರೆ ನಾವು ಅದಕ್ಕೆ ತಕ್ಕ ಹಾಗೆ ಇರಬಹುದು. ಆಗ ನಾವು ನಿಯಮಕ್ಕೆ ಹೆದರ್ತೇವೆ, ಅಪ್ಪನಿಗೆ ಹೆದರುವುದಿಲ್ಲ. ಅವರಿಗೆ ಅದು ಬೇಡ."

ಹದಿನಾಲ್ಕು ವರ್ಷದ ಹುಡುಗಿ ಹೇಳಿದ ಈ ಮಾತಿಗಿಂತ ನಿಖರವಾದ ವ್ಯಾಖ್ಯಾನವನ್ನು ಆ ಇಂಗ್ಲಿಷ್ ಪದಕ್ಕೆ ನಾನು ಇಂದಿಗೂ ಯಾವ ಪುಸ್ತಕದಲ್ಲಿಯೂ ಓದಿಲ್ಲ. ಜನರು ಅದನ್ನು ಆಕಸ್ಮಿಕ ಎಂಬ ಅರ್ಥದಲ್ಲಿ ಬಳಸುತ್ತಾರೆ; ಅದು ತಪ್ಪು. ಚೀಟಿ ಎತ್ತಿದರೆ ಆಗುವುದು ಆಕಸ್ಮಿಕ, ಅಲ್ಲಿ ಚೀಟಿಗೆ ಯಾರ ಮೇಲೂ ಅಧಿಕಾರವಿಲ್ಲ. ನಮ್ಮ ಬೆಳಗಿನ ಗಂಜಿಯಲ್ಲಿ ಚೀಟಿ ಇರಲಿಲ್ಲ, ಒಬ್ಬ ಮನುಷ್ಯ ಇದ್ದ. ಅಮ್ಮನಿಗೆ ಈ ಭೇದಗಳಾವುವೂ ಬೇಕಿರಲಿಲ್ಲ. ಮಂಗಲ್ಪಾಡಿಯಲ್ಲಿ ಅವರ ತಾಯಿ, ನಮ್ಮ ಅಜ್ಜಿ, ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಬಂತು. ಎರಡು ಬಸ್ಸಿನ ದಾರಿ, ಮಧ್ಯಾಹ್ನದೊಳಗೆ ತಲುಪಬಹುದಿತ್ತು. ಅಮ್ಮ ಸೀರೆ ಬದಲಿಸಿ ಜಗಲಿಗೆ ಬಂದಾಗ ಅಪ್ಪ ಪತ್ರಿಕೆಯಿಂದ ಕಣ್ಣೆತ್ತದೆ, ನಾಳೆ ಹೋದರೆ ಸಾಕು ಎಂದರು. ಹೆಣ ನಾಳೆಯವರೆಗೆ ಕಾಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಮ್ಮ ಒಳಗೆ ಹೋಗಿ ಸೀರೆಯನ್ನು ಮತ್ತೆ ಬದಲಿಸಿ, ಬಸಳೆ ಹೆಚ್ಚಲು ಕೂತರು. ಯಾಕಮ್ಮ, ಯಾಕೆ ಎಂದು ನಾನು ಅವರ ಬೆನ್ನಿಗೆ ಹಣೆಯೊತ್ತಿ ಅತ್ತಾಗ ಅವರು ಹೇಳಿದ್ದು ಒಂದೇ ಮಾತು.

"ಅವರಿಗೆ ಹಾಗೆ ಕಂಡಿತು."

ಆ ಇಂಗ್ಲಿಷ್ ಪದವನ್ನು ನಾನೇ ಕನ್ನಡಕ್ಕೆ ತರಬೇಕಾಗಿ ಬಂದರೆ ಈ ಮೂರು ಪದಗಳನ್ನೇ ಬರೆಯುತ್ತೇನೆ. ಕಂಡದ್ದು ಅವರಿಗೆ, ಸುಟ್ಟದ್ದು ಅಮ್ಮನನ್ನು.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಅಕ್ಕನಿಗೆ ಪ್ರಥಮ ದರ್ಜೆ, ನನಗೆ ದ್ವಿತೀಯ. ಅಕ್ಕ ಪ್ರೀ-ಡಿಗ್ರಿಗೆ ಗಣಿತ ತೆಗೆದುಕೊಳ್ಳುವುದೆಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ತನ್ನ ಎರಡು ಲಂಗಗಳ ಅಂಚನ್ನು ಆಗಲೇ ಇಳಿಸಿ ಹೊಲಿದುಕೊಂಡಿದ್ದಳು. ನಾವಿಬ್ಬರೂ ಜಗಲಿಯ ಕಂಬದ ಬಳಿ ನಿಂತಿದ್ದೆವು. ಅಪ್ಪ ಇಬ್ಬರ ಅಂಕಗಳನ್ನೂ ನೋಡಿ ಕಾಗದವನ್ನು ಮಡಚಿದರು.

"ಕಾಲೇಜಿಗೆ ಒಬ್ಬಳು ಹೋಗುವುದು. ಸಣ್ಣವಳು."

ನಮಗೆ ಬಡತನವಿರಲಿಲ್ಲ. ಇಬ್ಬರನ್ನೂ ಕಳುಹಿಸಲು ಯಾವ ಅಡ್ಡಿಯೂ ಇರಲಿಲ್ಲ. ಅಕ್ಕನ ಕೈ ನನ್ನ ಕೈಯಿಂದ ಜಾರಿದ್ದು ನೆನಪಿದೆ. ಆ ಮನೆಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸವನ್ನು ಅಂದು ನಾನು ಮಾಡಿದೆ.

"ಯಾಕಪ್ಪ? ಅಕ್ಕನಿಗಲ್ವಾ ಜಾಸ್ತಿ ಮಾರ್ಕು?"

ಅಪ್ಪ ಕಾಗದವನ್ನು ಪಕ್ಕಕ್ಕಿಟ್ಟರು. ಅವರ ಮುಖದಲ್ಲಿ ಭಾನುವಾರದ ಕಳೆ ಬಂತು. ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಒಳ್ಳೆಯ ಪ್ರಶ್ನೆ. ನೀನೇ ಹೇಳು ಯಾಕೆ ಅಂತ. ಅಕ್ಕ ಬೇಡ, ನೀನು ಸಾಕು ಅನ್ನಲಿಕ್ಕೆ ಮೂರು ಕಾರಣ ಬೇಕು. ಹೇಳಿದರೆ ನೀನು ಹೋಗ್ತೀ. ಹೇಳದಿದ್ದರೆ ಇಬ್ಬರೂ ಬೇಡ."

ಅಮ್ಮ ಬಾಗಿಲಿಗೆ ಬಂದು ನಿಂತರು. ನಾನು ಅಕ್ಕನ ಮುಖವನ್ನು ನೋಡಲಿಲ್ಲ. ಇದನ್ನು ಬರೆಯುವವಳು ನ್ಯಾಯದ ಬಗ್ಗೆ ಸಾರ್ವಜನಿಕವಾಗಿ ಮಾತನಾಡುವವಳಾದ್ದರಿಂದ ಇಲ್ಲಿ ಯಾವುದನ್ನೂ ಮೃದುಗೊಳಿಸುವ ಹಕ್ಕು ನನಗಿಲ್ಲ: ನಾನು ಅಳಲಿಲ್ಲ, ತಡವರಿಸಲಿಲ್ಲ, ಯೋಚಿಸಲು ಸಮಯವನ್ನೂ ಕೇಳಲಿಲ್ಲ.

"ಒಂದನೆಯದು, ಅಕ್ಕನಿಗೆ ಕಾಮಾಲೆಯಾದ ಮೇಲೆ ಬಸ್ಸಿನಲ್ಲಿ ನಿಂತು ಹೋದರೆ ತಲೆ ತಿರುಗ್ತದೆ. ಎರಡನೆಯದು, ಅವಳಿಗೆ ಮಾತಾಡುವಾಗ ಮಾತು ತಡೀತದೆ, ಕಾಲೇಜಿನಲ್ಲಿ ನಿಂತು ಉತ್ತರ ಹೇಳ್ಲಿಕ್ಕೆ ಆಗುವುದಿಲ್ಲ. ಮೂರನೆಯದು, ಅಮ್ಮನಿಗೆ ಒಬ್ಬಳು ಬೇಕು. ಅಡಿಗೆ ಕೆಲಸ ನನಗಿಂತ ಅವಳಿಗೆ ಚೆನ್ನಾಗಿ ಬರ್ತದೆ."

ಅಪ್ಪ ಮೂರು ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಮೂರನೆಯ ಕಾರಣ ಹೇಗೆ ಹುಟ್ಟಿತೆಂದು ಅಮ್ಮನಿಗೆ ಗೊತ್ತಿತ್ತು. ನಾನು ಶಾಲೆಯ ಭಾಷಣಗಳನ್ನು ಬಾಯಿಪಾಠ ಮಾಡುವಾಗಲೆಲ್ಲ ನನ್ನ ಪಾಲಿನ ಪಾತ್ರೆ, ನನ್ನ ಪಾಲಿನ ಅರೆಯುವ ಕಲ್ಲು ಅಕ್ಕನ ಪಾಲಿಗೆ ಹೋಗಿ ಅವಳಿಗೆ ಅಡಿಗೆ ಬಂದಿತ್ತು. ಎರಡನೆಯ ಕಾರಣ ಅದಕ್ಕಿಂತ ಕೀಳು. ಅಕ್ಕನಿಗೆ ಮಾತು ತಡೆಯುತ್ತಿದ್ದದ್ದು ಅಪ್ಪನ ಎದುರು ಮಾತ್ರ. ಗುಡ್ಡೆಯ ಮೇಲೆ ಅವಳು ಹಾಡುತ್ತಿದ್ದಳು, ಶಾಲೆಯಲ್ಲಿ ಗಣಿತದ ಮಾಷ್ಟ್ರಿಗೆ ಎದುರುತ್ತರ ಕೊಡುತ್ತಿದ್ದಳು. ಇದು ತಿಳಿದಿದ್ದವಳು ಇಡೀ ಪ್ರಪಂಚದಲ್ಲಿ ನಾನೊಬ್ಬಳೇ, ಯಾಕೆಂದರೆ ಎರಡೂ ಕಡೆ ಅವಳ ಜೊತೆಗಿದ್ದವಳು ನಾನೊಬ್ಬಳೇ.

"ಎದುರು ಪಕ್ಷದ್ದೂ ಕೇಳಬೇಕು," ಎಂದರು ಅಪ್ಪ. "ದೊಡ್ಡವಳೇ, ನಿನಗೆ ಎಂತಾದರೂ ಹೇಳ್ಲಿಕ್ಕೆ ಉಂಟಾ?"

"ಅ... ಅ... ಅಪ್ಪ, ನಾ... ನಾನು..."

ಅಪ್ಪ ತಡೆಯಲಿಲ್ಲ. ಅಬ್ದುಲ್ಲಾಕನ ಮಾತನ್ನು ಕೇಳಿದಷ್ಟೇ ತಾಳ್ಮೆಯಿಂದ, ತಲೆಯನ್ನು ಸ್ವಲ್ಪ ಓರೆ ಮಾಡಿ, ಕಾದರು. ಅಕ್ಕನ ಕತ್ತಿನ ನರ ಉಬ್ಬಿತು. 'ನಾನು' ಎಂಬ ಮಾತಿನಿಂದ ಮುಂದೆ ಅವಳಿಗೆ ಹೋಗಲಾಗಲಿಲ್ಲ. ಅದೇ ಮಾತಿಗೆ ಐದೋ ಆರೋ ಸಲ ಡಿಕ್ಕಿ ಹೊಡೆದು ಬಾಯಿ ಮುಚ್ಚಿದಳು. ಅಪ್ಪ ಇನ್ನೂ ಒಂದು ನಿಮಿಷ ಕಾದರು.

"ಎರಡನೆಯ ಕಾರಣ ರುಜುವಾಯಿತು," ಎಂದು ಎದ್ದರು. ನನ್ನ ತಲೆಯ ಮೇಲೆ ಕೈಯಿಟ್ಟರು. ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಬೆಳಗಿನ ಗಂಜಿಯ ಬೇಡಗಳು ನಿಲ್ಲಲಿಲ್ಲ, ಅವುಗಳಿಗೆ ಈಗ ಮೂರು ಮೂರು ಕಾರಣಗಳು ಬಂದವು. ಅಕ್ಕನಿಗೆ ಹೊಸ ಸೀರೆ ಬೇಡ, ಒಂದನೆಯದು, ಎರಡನೆಯದು, ಮೂರನೆಯದು. ಕಾರಣವಿಲ್ಲದಿದ್ದಾಗ ನಾವು ಅಪ್ಪನನ್ನು ಮನಸ್ಸಿನಲ್ಲಾದರೂ ಬೈಯಬಹುದಿತ್ತು. ಈಗ ಬೇಡ ಬಿದ್ದವರು ತಮ್ಮನ್ನೇ ಬೈದುಕೊಳ್ಳಬೇಕಾಯಿತು. ನಾನು ಮನೆಗೆ ನ್ಯಾಯವನ್ನು ತಂದೆನೆಂದು ಒಂದು ವರ್ಷದವರೆಗೆ ನಂಬಿದ್ದೆ. ನಾನು ಎರಡು ಜಡೆ ಹಾಕಿಕೊಂಡು ಕಾಸರಗೋಡಿನ ಬಸ್ಸಿಗೆ ಹೊರಡುವಾಗ ಅಕ್ಕ ನನ್ನ ಬುತ್ತಿಯನ್ನು ಗೇಟಿನವರೆಗೆ ತಂದು ಕೊಡುತ್ತಿದ್ದಳು. ಅನ್ನ ಬಿಸಿಯಿರುತ್ತಿತ್ತು, ಹಪ್ಪಳ ಬೇರೆ ಕಾಗದದಲ್ಲಿ ಸುತ್ತಿರುತ್ತಿತ್ತು. ಅವಳು ನನ್ನೊಡನೆ ಜಗಳವಾಡಲಿಲ್ಲ. ಗುಡ್ಡೆಗೆ ಕರೆದರೆ ಬರಲಿಲ್ಲ, ಅಷ್ಟೇ.

ಆ ಪದ ನನಗೆ ಸಿಕ್ಕಿದ್ದು ಕಾಲೇಜಿನ ಚರ್ಚಾಸ್ಪರ್ಧೆಯ ತಯಾರಿಯಲ್ಲಿ. ನಮ್ಮನ್ನು ತಯಾರು ಮಾಡುತ್ತಿದ್ದ ಇಂಗ್ಲಿಷ್ ಅಧ್ಯಾಪಕಿ ಒಂದು ಮಧ್ಯಾಹ್ನ ಕರಿಹಲಗೆಯಲ್ಲಿ ಆರ್ಬಿಟ್ರರಿ ಎಂದು ಬರೆದು ಅರ್ಥ ಕೇಳಿದರು. ಕಾರಣ ಕೊಡದೆ ಮಾಡಿದ ತೀರ್ಮಾನ ಎಂದು ನಾನು ಎದ್ದು ನಿಂತು ಹೇಳಿದೆ. ಅರ್ಧ ಸರಿ ಎಂದರು. ಅದರ ಮೂಲದಲ್ಲಿ ಇರುವವನು ತೀರ್ಪುಗಾರ, ಮಧ್ಯಸ್ಥ. ಅವನ ವಿವೇಚನೆಗೆ ಬಿಟ್ಟದ್ದು ಎಂಬುದು ಹಳೆಯ ಅರ್ಥ. ಆ ವಿವೇಚನೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲದಾಗ ಕೊಳೆತು ಬಂದದ್ದು ಇಂದಿನ ಅರ್ಥ ಎಂದು ವಿವರಿಸಿದರು. ನಮ್ಮ ಜಗಲಿ ಮತ್ತು ನಮ್ಮ ನಡುಕೋಣೆ ಒಂದೇ ಪದದೊಳಗೆ ವಾಸವಾಗಿದ್ದವು ಎಂದು ನನಗೆ ಅಂದು ತಿಳಿಯಿತು. ಆದರೆ ನನ್ನನ್ನು ನಿಂತಲ್ಲೇ ನಿಲ್ಲಿಸಿದ್ದು ಅವರ ಮುಂದಿನ ಮಾತು.

"ಕಾರಣ ಕೊಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಕಾರಣವನ್ನು ತಿರುಗಿಸಿ ನೋಡಿ. ಸಂಗತಿ ಉಲ್ಟಾ ಇದ್ದಿದ್ದರೆ ತೀರ್ಮಾನವೂ ಉಲ್ಟಾ ಆಗ್ತಿತ್ತಾ? ಆಗ್ತಿರಲಿಲ್ಲ ಅಂತಾದರೆ ಕಾರಣ ಬರೇ ಅಂಗಿ. ಒಳಗೆ ಇರುವವ ಅದೇ ನಿರಂಕುಶ ತೀರ್ಪುಗಾರ."

ನಾನು ಬೆಂಚಿನಲ್ಲಿ ಕೂತು ತಿರುಗಿಸಿ ನೋಡಿದೆ. ಅಕ್ಕನಿಗೆ ಕಾಮಾಲೆ ಬಾರದೆ ಇದ್ದಿದ್ದರೆ, ಮಾತು ನೀರಿನಂತೆ ಹರಿದಿದ್ದರೆ, ಅಡಿಗೆ ಬಾರದೆ ಇದ್ದಿದ್ದರೆ, ಅಪ್ಪ ಅವಳನ್ನು ಕಳುಹಿಸುತ್ತಿದ್ದರೇ? ಇಲ್ಲ. ನನ್ನಿಂದ ಬೇರೆ ಮೂರನ್ನು ಹೇಳಿಸುತ್ತಿದ್ದರು, ನಾನು ಹೇಳುತ್ತಿದ್ದೆ. ಆ ವರ್ಷ ಸ್ಪರ್ಧೆಯಲ್ಲಿ ನಾನು ಪ್ರಥಮ ಬಂದೆ. ಅದೇ ವರ್ಷ ಅಕ್ಕನನ್ನು ಎಣ್ಮಕಜೆಗೆ ಮದುವೆ ಮಾಡಿ ಕೊಟ್ಟರು. ಹುಡುಗನನ್ನು ಅಪ್ಪನೇ ಆರಿಸಿದ್ದರು.

ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ಅಕ್ಕ ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಅಳತೆಯನ್ನು ಬರೆದುಕೊಳ್ಳುವುದಿಲ್ಲ, ಎಲ್ಲರದೂ ತಲೆಯಲ್ಲಿರುತ್ತದೆ. ಹೋದ ತಿಂಗಳು ಅಲ್ಲಿನ ಪಂಚಾಯತಿನಲ್ಲಿ ಒಂದು ಅಪೇಕ್ಷೆಯ ಕೆಲಸ ಮುಗಿಸಿ ಅವಳ ಮನೆಗೆ ಹೋದೆ. ಅವಳು ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದಳು. ಫಲಿತಾಂಶದ ಆ ದಿನದ ಬಗ್ಗೆ ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿದೆ. ಅಭ್ಯಾಸಬಲ; ಕ್ರಮವಾಗಿ, ಅಂಶಗಳಾಗಿ ಹೇಳಿದೆ. ಆಗ ನನಗೆ ಹದಿನೈದು ವರ್ಷ, ಕಾರಣ ಹೇಳದಿದ್ದರೆ ಇಬ್ಬರಿಗೂ ಕಾಲೇಜು ತಪ್ಪುತ್ತಿತ್ತು, ತೀರ್ಮಾನ ನನ್ನದಾಗಿರಲಿಲ್ಲ.

"ಈಗಲೂ ಮೂರೇ ಹೇಳ್ತೀಯಲ್ಲ ಮಾರಾಯ್ತಿ," ಎಂದು ಅಕ್ಕ ನಕ್ಕಳು. ದಾರವನ್ನು ಹಲ್ಲಿನಿಂದ ಕಡಿದಳು. "ಒಂದು ಕೇಳ್ತೇನೆ. ಅಪ್ಪ ಕೇಳಿದ ಕೂಡಲೇ ಹೇಳಿದೆಯಲ್ಲ ಆ ದಿನ, ಉಸಿರು ತೆಗೆಯದೆ. ಆಗ ಹುಡುಕಿದ್ದಲ್ಲ ಅದು. ಮೊದಲೇ ನೋಡಿ ತೆಗೆದಿಟ್ಟದ್ದು. ಎಷ್ಟು ಸಮಯದಿಂದ ತೆಗೆದಿಟ್ಟಿದ್ದೆ?"

ನೂರಾರು ವೇದಿಕೆಗಳಲ್ಲಿ ಮರುವಾದ ಮಾಡಿದ ನಾನು ಅವಳು ತಂದಿಟ್ಟ ಚಾದ ಲೋಟವನ್ನು ತಿರುಗಿಸುತ್ತಾ ಕೂತೆ. ಉತ್ತರ ನನಗೆ ಗೊತ್ತಿತ್ತು. ಗೇರುಮರದ ಕೆಳಗೆ ಅವಳು ನಮ್ಮಿಬ್ಬರನ್ನೂ ಉಳಿಸುವ ನಿಯಮವನ್ನು ಹುಡುಕುತ್ತಿದ್ದಾಗ, ಎಂದಾದರೂ ಒಂದು ದಿನ ಇಬ್ಬರಲ್ಲಿ ಒಬ್ಬಳನ್ನೇ ಆರಿಸಬೇಕಾಗಿ ಬಂದರೆ ಎಂದು ನಾನು ಅವಳ ಕೊರತೆಗಳನ್ನು ನೋಡಿ ಇಟ್ಟುಕೊಳ್ಳುತ್ತಿದ್ದೆ.

"ಕ್ಷಮಿಸ್ತೀಯಾ ಅಕ್ಕ?"

"ಇಲ್ಲ."

"ಯಾಕೆ?"

"ಹೇಳುವುದಿಲ್ಲ. ಚಾ ಆರ್ತದೆ, ಕುಡಿ."

ನಾನು ಕುಡಿದೆ. ಕಾರಣ ಕೇಳುವುದನ್ನೇ ಬದುಕಾಗಿಸಿಕೊಂಡವಳು ಅಂದು ಎರಡನೆಯ ಸಲ ಕೇಳಲಿಲ್ಲ. ಅಧಿಕಾರದಲ್ಲಿರುವವರು ಕಾರಣ ಹೇಳಲೇಬೇಕು, ಇದನ್ನು ನಾನು ಸಾಯುವವರೆಗೆ ಹೇಳುತ್ತೇನೆ. ಏಟು ತಿಂದವರು ಹೇಳಬೇಕಾಗಿಲ್ಲ. ಇದನ್ನು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಓದುವವರಲ್ಲಿ ಒಂದು ವಿನಂತಿ. ನಿಮ್ಮ ಪರವಾಗಿ ಆದ ಒಂದು ತೀರ್ಮಾನವನ್ನು ನೆನಪು ಮಾಡಿಕೊಳ್ಳಿ: ಒಂದು ಓದು, ಒಂದು ತುಂಡು ಜಾಗ, ಮನೆಯಿಂದ ಹೊರಗೆ ಹೋಗುವ ಒಂದು ಅನುಮತಿ. ಅದು ಯಾರಿಗೆ ಇಲ್ಲವಾಗಿ ನಿಮಗೆ ಬಂತೋ ಅವರು ಬದುಕಿದ್ದರೆ, ಈ ವಾರವೇ ಅವರ ಮನೆಗೆ ಹೋಗಿ. ನೀವು ಏನು ಮಾಡಿದಿರೆಂದು ಹೇಳಿ, ಯಾಕೆ ಮಾಡಿದಿರೆಂದು ಹೇಳಬೇಡಿ. ಆಮೇಲೆ ಅವರು ಏನು ಕೇಳುತ್ತಾರೋ ಅದಕ್ಕೆ ನಿಜವಾದ ಉತ್ತರ ಕೊಡಿ. ನಾನು ಕೊಡದೆ ಎದ್ದು ಬಂದೆ. ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇನೆ.